ನಲವತ್ತು ತಾಮ್ರದ ಬಿಲ್ಲೆಗಳು

ಕೊರಿಯರ್‌ನವನು ಕಟ್ಟಿಗೆಯ ಪೆಟ್ಟಿಗೆಯೊಂದನ್ನು ವರ್ಕ್‌ಶಾಪಿನ ಬಾಗಿಲಿಗೆ ಇಳಿಸಿ ಹೋದಾಗ ಬಂಡೆಮ್ಮ ಲೇತ್ ಯಂತ್ರದ ಮುಂದೆ ನಿಂತು ಬೇಳೆ ಮಿಲ್ಲಿನ ಶಾಫ್ಟೊಂದನ್ನು ಅಳತೆಗೆ ಕಡೆಯುತ್ತಿದ್ದಳು. ಪೆಟ್ಟಿಗೆ ಪರಿಚಯದ್ದೇ. ಮೂರು ವಾರದ ಹಿಂದೆ ಆಕೆಯೇ ಮೊಳೆ ಹೊಡೆದು, ಮೇಲೆ ಮಧ್ಯಪ್ರದೇಶದ ವಿಳಾಸ ಬರೆಸಿ ಕಳಿಸಿದ್ದು. ಖಾಲಿಯಾದ ಮೇಲೆ ತಿರುಗಿ ಕಳಿಸಿರಬೇಕು, ಚಲೋ ಕಟ್ಟಿಗೆ, ಮಾಲಕರನ್ನು ಕೇಳಿ ಮನೆಗೆ ಒಯ್ದರಾಯಿತು ಎಂದುಕೊಂಡು ಎತ್ತಲು ಬಗ್ಗಿದಳು. ಪೆಟ್ಟಿಗೆ ಏಳಲಿಲ್ಲ. ಕಳಿಸುವಾಗ ಎಷ್ಟು ಭಾರವಿತ್ತೋ ಅಷ್ಟೇ ಭಾರವಿತ್ತು.

ಮುಚ್ಚಳ ತೆಗೆದಳು. ತಾನು ಸುತ್ತಿದ್ದ ತೆಳು ಕಾಗದ ಇರಲಿಲ್ಲ, ಬೇರೆ ಕಾಗದವಿತ್ತು. ಅದರೊಳಗೆ ನಲವತ್ತು ತಾಮ್ರದ ಬಿಲ್ಲೆಗಳು, ಅಂಗೈ ಅಗಲದವು, ನಡುವೆ ಸಣ್ಣ ತೂತಿನವು, ಒಂದೊಂದರ ಮೇಲೂ ಕೆಂಪು ಚೀಟಿ. ಮೇಲಿಟ್ಟಿದ್ದ ಕಾಗದವನ್ನು ಮಾಲಕ ಜಗದೇವಪ್ಪ ಚಷ್ಮಾ ಏರಿಸಿ ಓದಿದರು. ಓದಿ, ಮತ್ತೊಮ್ಮೆ ಓದಿದರು.

"ಎಲ್ಲಾ ರಿಜೆಕ್ಟ್ ಮಾಡ್ಯಾರ ಬಂಡೆಮ್ಮ."

"ಎಷ್ಟರಿ?"

"ಎಲ್ಲಾ ಅಂದ್ನಲ್ಲ. ನಲವತ್ತಕ್ಕ ನಲವತ್ತು."

ಬಂಡೆಮ್ಮ ಬೋರಲು ಹಾಕಿದ್ದ ಎಣ್ಣೆ ಬಕೀಟಿನ ಮೇಲೆ ಕುಳಿತುಬಿಟ್ಟಳು. ಒಂದು ಬಿಲ್ಲೆ ಕೆಟ್ಟಿದೆ ಎಂದಿದ್ದರೆ ಕೈ ತಪ್ಪಿತು ಎನ್ನಬಹುದಿತ್ತು. ನಾಲ್ಕು ಕೆಟ್ಟಿದ್ದರೆ ಆ ದಿನ ಮೈ ಸರಿ ಇರಲಿಲ್ಲ ಎನ್ನಬಹುದಿತ್ತು. ನಲವತ್ತೂ ಕೆಟ್ಟವು ಎಂದರೆ ಅದಕ್ಕೆ ಏನೆನ್ನಬೇಕು ಎಂಬುದೇ ಆಕೆಗೆ ತಿಳಿಯಲಿಲ್ಲ.

ಕಲಬುರಗಿಯ ಕಪನೂರು ಇಂಡಸ್ಟ್ರಿಯಲ್ ಏರಿಯಾದಲ್ಲಿ ಬಂಡೆಮ್ಮನ ಹೆಸರು ಗೊತ್ತಿಲ್ಲದವರು ಕಡಿಮೆ. ಆಕೆ ಹುಟ್ಟಿದ್ದು ತಾಜಸುಲ್ತಾನಪುರದಲ್ಲಿ. ಅಪ್ಪ ಭಾಗಪ್ಪ ಬಂಡಿಯ ಗಾಲಿ ಮಾಡುವವನು. ಕಬ್ಬಿಣದ ಹಳಿಯನ್ನು ಕೆಂಪಗೆ ಕಾಯಿಸಿ, ಕಟ್ಟಿಗೆಯ ಗಾಲಿಗೆ ತೊಡಿಸಿ, ಕೊಡ ನೀರು ಸುರಿದರೆ ಹಳಿ ಚುಂಯ್ ಎಂದು ಕುಗ್ಗಿ ಗಾಲಿಯನ್ನು ಬಿಗಿದಪ್ಪುತ್ತಿತ್ತು. ಆ ನೀರು ಸುರಿಯುವ ಕೆಲಸ ಚಿಕ್ಕ ಬಂಡೆಮ್ಮನದು. ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಐಟಿಐಗೆ ಅರ್ಜಿ ಹಾಕಲು ಹೋದಾಗ ಗುಮಾಸ್ತ ಕೇಳದೆಯೇ ಹೊಲಿಗೆಯ ಫಾರ್ಮು ಚಾಚಿದ. ಆಕೆ ಅದನ್ನು ಹಿಂದಕ್ಕೆ ಕೊಟ್ಟು, "ಟರ್ನರ್ ಫಾರ್ಮ್ ಕೊಡ್ರಿ" ಅಂದಳು. ಆ ವರ್ಷ ಲೇತ್ ಕೆಲಸ ಕಲಿಸುವ ಟರ್ನರ್ ಕ್ಲಾಸಿನಲ್ಲಿ ಮೂವತ್ತೊಂದು ಹುಡುಗರು, ಒಬ್ಬಳು ಬಂಡೆಮ್ಮ. ಮೊದಲ ತಿಂಗಳು ಮಾಸ್ತರು ಆಕೆಯ ಕೈಗೆ ಕಸಬರಿಗೆ ಬಿಟ್ಟು ಬೇರೆ ಏನೂ ಕೊಡಲಿಲ್ಲ. ಎರಡನೇ ವರ್ಷ ಅದೇ ಮಾಸ್ತರು ತಾವು ಅಳೆದದ್ದನ್ನು ಆಕೆಯಿಂದ ಇನ್ನೊಮ್ಮೆ ಅಳೆಸುತ್ತಿದ್ದರು.

ಕಮಲಾಪುರದ ರೇವಣನನ್ನು ಮದುವೆಯಾದ ಮೇಲೂ ಆಕೆ ಕೆಲಸ ಬಿಡಲಿಲ್ಲ. ರೇವಣನಿಗೆ ಒಂದು ಎಕರೆ ಕೆಂಪು ಬಾಳೆ. ಹೆದ್ದಾರಿಯ ಬದಿಗೆ ಗೊನೆ ತೂಗುಹಾಕಿ ಬೀದರ ಕಡೆ ಹೋಗುವ ಕಾರಿನವರಿಗೆ ಮಾರುತ್ತಾನೆ. ಬಂಡೆಮ್ಮ ಬೆಳಿಗ್ಗೆ ಏಳರ ಬಸ್ಸಿಗೆ ಕಲಬುರಗಿಗೆ ಬಂದು ಸಂಜೆ ಆರರ ಬಸ್ಸಿಗೆ ತಿರುಗಿ ಹೋಗುತ್ತಾಳೆ. ಹೀಗೆ ಇಪ್ಪತ್ತಾರು ವರ್ಷ. ಅಷ್ಟು ವರ್ಷದಲ್ಲಿ ಆಕೆ ಮಾಡಿದ ಶಾಫ್ಟು, ರೋಲರು, ಬುಷ್ಷುಗಳಲ್ಲಿ ಅಳತೆ ತಪ್ಪಿ ಹಿಂದಿರುಗಿದ್ದು ಒಂದೂ ಇಲ್ಲ. ಗಿರಾಕಿಗಳು ತಕರಾರು ಎತ್ತಿದರೆ ಜಗದೇವಪ್ಪ, "ನಮ್ಮ ಬಂಡೆಮ್ಮ ಅಳದಾಳ. ನಿಮ್ಮ ಮಿಲ್ಲಿನ ಬೇರಿಂಗ್ ನೋಡ್ಕೊಳ್ರಿ" ಎಂದು ಫೋನು ಇಡುತ್ತಿದ್ದರು. ಹಾಗೆ ಹೇಳಿದಾಗಲೆಲ್ಲ ಬೇರಿಂಗೇ ಕೆಟ್ಟಿರುತ್ತಿತ್ತು.

ತಾಮ್ರದ ಕೆಲಸ ತಂದದ್ದು ಪ್ರಿಯದರ್ಶಿನಿ. ಬ್ರಹ್ಮಪುರದ ಹುಡುಗಿ, ಈಗ ಮೂವತ್ತೆಂಟರ ಹೆಂಗಸು. ಮಧ್ಯಪ್ರದೇಶದ ಒಂದು ಸಂಶೋಧನಾ ಸಂಸ್ಥೆಯಲ್ಲಿ ಎಂಜಿನಿಯರು. ಆಕೆಯ ಕಾಕಾನ ಬೇಳೆ ಮಿಲ್ಲಿಗೆ ಸಾಮಾನು ಹೋಗುವುದು ಜಗದೇವಪ್ಪನ ಶೆಡ್ಡಿನಿಂದಲೇ. ಜನವರಿಯಲ್ಲಿ ಊರಿಗೆ ಬಂದಾಗ ಒಂದು ಡ್ರಾಯಿಂಗ್ ಹಿಡಿದು ಬಂದಳು. ಎಂಬತ್ತು ಮಿಲಿಮೀಟರ್ ಅಡ್ಡಳತೆಯ ಬಿಲ್ಲೆ. ಐದು ಮೈಕ್ರಾನ್ ಹೆಚ್ಚಾದರೂ ನಡೆಯುವುದಿಲ್ಲ, ಐದು ಕಡಿಮೆಯಾದರೂ ನಡೆಯುವುದಿಲ್ಲ. ತಲೆಗೂದಲೊಂದರ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್. ಐದು ಎಂದರೆ ಆ ಕೂದಲನ್ನು ಹದಿನಾಲ್ಕು ಸೀಳು ಮಾಡಿದರೆ ಒಂದು ಸೀಳು.

"ಆಗ್ತದೇನ್ರಿ ಅಕ್ಕಾ?" ಎಂದು ಪ್ರಿಯದರ್ಶಿನಿ ಕೇಳಿದ್ದಳು.

"ಮಾಡಿ ನೋಡೋಣ್ರಿ."

ಮೂರು ಬಿಲ್ಲೆ ಮಾಡಿದಳು. ಮೂರೂ ಪಾಸಾದವು. ಸಂಸ್ಥೆಯಿಂದ ನಲವತ್ತಕ್ಕೆ ಆರ್ಡರು ಬಂತು. ತಾಮ್ರದ ಸರಳು ಬರುವುದು ತಡವಾಗಿ, ಕೆಲಸ ಏಪ್ರಿಲಿಗೆ ಬಿತ್ತು. ಬಂಡೆಮ್ಮ ಹದಿನಾರು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟಲಿಲ್ಲ. ಒಂದೊಂದು ಬಿಲ್ಲೆಯನ್ನೂ ಆರಲು ಬಿಟ್ಟು, ಒರೆಸಿ, ಐದೈದು ಸಲ ಅಳೆದಳು. ಎಂಬತ್ತು ಅಂದರೆ ಎಂಬತ್ತು. ಅಳೆಯುವ ಮೈಕ್ರೋಮೀಟರಿನ ಪರದೆಯ ಮೇಲೆ ಎಂಬತ್ತರ ಮುಂದೆ ಮೂರು ಸೊನ್ನೆ ನೋಡದೆ ಒಂದನ್ನೂ ಪೆಟ್ಟಿಗೆಗೆ ಹಾಕಲಿಲ್ಲ.

ಅದೇ ಪೆಟ್ಟಿಗೆ ಈಗ ಕೆಂಪು ಚೀಟಿಗಳ ಸಮೇತ ಕಾಲ ಬುಡದಲ್ಲಿತ್ತು.

ಜಗದೇವಪ್ಪ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಮೆತ್ತಗಿನ ದನಿಯಲ್ಲಿ, "ಬಂಡೆಮ್ಮ, ನಿನಗ ಈಗ ಎಷ್ಟು ವಯಸ್ಸು?" ಎಂದು ಕೇಳಿದರು.

"ನಲವತ್ತೈದರಿ."

"ಕಣ್ಣು ಒಮ್ಮೆ ತೋರಿಸ್ಕೊಂಡು ಬಾ. ನಾನೇ ಡಾಕ್ಟರಿಗೆ ಫೋನ್ ಮಾಡ್ತೀನಿ. ಅಲ್ಲಿ ತನಕ ಆ ದೊಡ್ಡ ಲೇತ್ ಸುನೀಲಕುಮಾರ ನೋಡ್ಕೊಳ್ಲಿ."

ಸುನೀಲಕುಮಾರ ಆಕೆಯ ಕೈಕೆಳಗೆ ಹತ್ತು ವರ್ಷ ಕೆಲಸ ಕಲಿತವನು. ಆತ ಲೇತಿನ ಹತ್ತಿರ ಬಂದಾಗ ಆಕೆಯ ಮುಖ ನೋಡಲಿಲ್ಲ. ಬಂಡೆಮ್ಮ ಒರೆಸುವ ಬಟ್ಟೆಯನ್ನು ಯಂತ್ರದ ಮೇಲಿಟ್ಟು ಸರಿದು ನಿಂತಳು. ಆ ದಿನ ಉಳಿದ ಹೊತ್ತು ಮೂಲೆಯ ಡ್ರಿಲ್ಲಿಂಗ್ ಮಷೀನಿನಲ್ಲಿ ಕಬ್ಬಿಣದ ಪಟ್ಟಿಗಳಿಗೆ ತೂತು ಹಾಕಿದಳು. ಎಷ್ಟು ಹಾಕಿದಳೋ, ಮರುದಿನ ಕೇಳಿದರೆ ಹೇಳಲಾಗುತ್ತಿರಲಿಲ್ಲ.

ಸುಪರ್ ಮಾರ್ಕೆಟ್ ಹತ್ತಿರದ ಕಣ್ಣಿನ ಡಾಕ್ಟರು ಔಷಧಿ ಬಿಟ್ಟರು, ಬೆಳಕು ಹಾಯಿಸಿದರು, ಅಕ್ಷರ ಓದಿಸಿದರು. ಎಲ್ಲಕ್ಕೂ ಕೆಳಗಿನ ಸಾಲನ್ನೂ ಆಕೆ ಓದಿದಳು. "ನಿಮ್ಮ ಕಣ್ಣು ನನ್ನವಕ್ಕಿಂತ ಚಲೋ ಅವ" ಎಂದರು ಡಾಕ್ಟರು. ಬೇರೆ ಯಾರಾದರೂ ಈ ಮಾತಿಗೆ ಖುಷಿಪಡುತ್ತಿದ್ದರು. ಬಂಡೆಮ್ಮ ಪಡಲಿಲ್ಲ. ಕಣ್ಣು ಕೆಟ್ಟಿದ್ದರೆ ಚಷ್ಮಾ ಹಾಕಿಕೊಳ್ಳಬಹುದಿತ್ತು. ಕಣ್ಣು ಸರಿಯಿದೆ, ಮೈಕ್ರೋಮೀಟರು ಸರಿಯಿದೆ, ಕೈ ನಡುಗುವುದಿಲ್ಲ. ಹಾಗಾದರೆ ಏನು?

ಕಮಲಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಆ ವರದಿಯ ಕಾಗದವನ್ನು ಬಿಡಿಸಿದಳು. ಇಂಗ್ಲಿಷು ಪೂರ್ತಿ ತಿಳಿಯದಿದ್ದರೂ ಅಂಕಿ ತಿಳಿಯುತ್ತಿತ್ತು. ಮೊದಲ ಬಿಲ್ಲೆ: ಹತ್ತು ಮೈಕ್ರಾನ್ ಕಡಿಮೆ. ಎರಡನೆಯದು: ಹತ್ತು. ಮೂರನೆಯದು: ಒಂಬತ್ತು. ನಾಲ್ಕು: ಹತ್ತು. ಬೆರಳಿಟ್ಟು ಕೆಳಗಿಳಿಯುತ್ತ ಹೋದಳು. ಮಹಾಗಾಂವ ದಾಟುವ ಹೊತ್ತಿಗೆ ನಲವತ್ತೂ ಮುಗಿದವು. ಒಂಬತ್ತು, ಹತ್ತು ಬಿಟ್ಟರೆ ಬೇರೆ ಅಂಕಿಯೇ ಇರಲಿಲ್ಲ.

ಆಕೆ ಬೆಚ್ಚಿಬಿದ್ದಳು. ಕೈ ತಪ್ಪುವವರು ಹೀಗೆ ತಪ್ಪುವುದಿಲ್ಲ. ಕೈ ತಪ್ಪಿದರೆ ಒಂದು ಎರಡು ಕಡಿಮೆಯಾಗುತ್ತದೆ, ಇನ್ನೊಂದು ಆರು ಹೆಚ್ಚಾಗುತ್ತದೆ. ನಲವತ್ತು ಸಲ ಒಂದೇ ತಪ್ಪನ್ನು ಕೂದಲೆಳೆಯಷ್ಟೂ ಆಚೀಚೆಯಾಗದೆ ಮಾಡುವುದು ಬೇಕೆಂದರೂ ಯಾವ ಟರ್ನರಿನಿಂದಲೂ ಆಗದು.

ಮಾಲಕರನ್ನು ಕೇಳಿ ಶನಿವಾರ ಇಪ್ಪತ್ತಮೂರನೇ ನಂಬರಿನ ಬಿಲ್ಲೆಯನ್ನೂ ಮೈಕ್ರೋಮೀಟರನ್ನೂ ಮನೆಗೆ ತಂದಳು. ಭಾನುವಾರ ಬೆಳಕು ಹರಿಯುವಾಗಲೇ ಎದ್ದು ಮಣ್ಣಿನ ಮಾಳಿಗೆಯ ಮನೆಯ ಒಳಕೋಣೆಗೆ ಹೋದಳು. ಗೋಡೆ ಮೂರು ಅಡಿ ದಪ್ಪ. ಬೇಸಿಗೆಯಲ್ಲೂ ಅಲ್ಲಿ ನೀರಿನ ಹರವಿ ತಣ್ಣಗಿರುತ್ತದೆ. ರಾತ್ರಿಯಿಡೀ ಬಿಲ್ಲೆ, ಮೈಕ್ರೋಮೀಟರು ಎರಡೂ ಹರವಿಯ ಪಕ್ಕದಲ್ಲಿದ್ದವು; ಅಲ್ಲೇ ಕುಳಿತು ಅಳೆದಳು. ಎಂಬತ್ತಕ್ಕೆ ಏಳು ಮೈಕ್ರಾನ್ ಕಡಿಮೆ.

ಮತ್ತೆ ಅಳೆದಳು. ಏಳು ಕಡಿಮೆ. ಇದೇ ಬಿಲ್ಲೆ, ಇದೇ ಮೈಕ್ರೋಮೀಟರು, ಇದೇ ಕೈ ಏಪ್ರಿಲಿನಲ್ಲಿ ಐದು ಸಲ ಎಂಬತ್ತು ತೋರಿಸಿದ್ದವು. ಅತ್ತೆ ಶಿವಕಾಂತಮ್ಮ ಹರವಿಯಿಂದ ನೀರು ತೆಗೆದುಕೊಳ್ಳಲು ಬಂದವಳು ಸೊಸೆಯ ಮುಖ ನೋಡಿ ನಿಂತಳು.

"ಏನಾತ? ಮಾರಿ ಯಾಕ ಹಿಂಗ ಆಗ್ಯಾದ?"

"ಅತ್ತಿ, ಈ ಬಿಲ್ಲಿ ಸಣ್ಣದಾಗ್ಯಾದ."

"ತಾಮ್ರ ಎಲ್ಲಿ ಸಣ್ಣದಾಗ್ತದ? ರಾತ್ರಿ ಯಾರ ತಿಂದ್ರು?"

ಮಧ್ಯಾಹ್ನ ಒಂದಕ್ಕೆ ಅಂಗಳದ ನೆರಳಿನಲ್ಲಿ ಬಿಲ್ಲೆ, ಮೈಕ್ರೋಮೀಟರು ಎರಡನ್ನೂ ಎರಡು ತಾಸು ಇಟ್ಟು ಅಳೆದಳು. ಹೊರಗೆ ನಲವತ್ತೆರಡು ಡಿಗ್ರಿ. ಬೇವಿನ ಎಲೆ ಅಲ್ಲಾಡುತ್ತಿರಲಿಲ್ಲ. ಪರದೆಯ ಮೇಲೆ ಎಂಬತ್ತು ಬಂತು, ಮೂರು ಸೊನ್ನೆ. ಬಂಡೆಮ್ಮ ಬಿಲ್ಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಕಟ್ಟೆಯ ಮೇಲೆ ಕುಳಿತಳು. ಊಟಕ್ಕೆ ಬಂದಿದ್ದ ರೇವಣನನ್ನು ಕರೆದು ತೋರಿಸಿದಳು.

"ನೋಡ್ರಿ, ಮುಂಜಾನಿ ಸಣ್ಣದಿತ್ತು. ಈಗ ಬೆಳದದ."

"ಕಾದರ ಹಿಗ್ಗತದಲ್ಲ. ಅದರಾಗೇನು ಹೊಸದು?" ರೇವಣ ಅಂದ.

"ಹಿಗ್ಗಲಿ. ಹಿಗ್ಗಿದ್ರ ಮೈಕ್ರೋಮೀಟರೂ ಹಿಗ್ಗಬೇಕಲ್ಲ. ಅದೂ ಇದರ ಸಂಗಟನ ಹೊರಗ ಇತ್ತು."

ಹೇಳಿದ ಮಾತು ಬಾಯಿಯಿಂದ ಹೊರಬಿದ್ದ ಕೂಡಲೇ ಆಕೆಗೆ ಬಡಿದಂತಾಯಿತು: ಬಿಲ್ಲೆ ತಾಮ್ರದ್ದು, ಮೈಕ್ರೋಮೀಟರು ಉಕ್ಕಿನದು. ಚೀಲದಲ್ಲಿ ಹಳೆಯ ಉಕ್ಕಿನ ಬೇರಿಂಗ್ ಬಳೆಯೊಂದಿತ್ತು. ಅದನ್ನು ಬಿಸಿಲಿನ ಹೊತ್ತಿಗೆ ಅಳೆದಳು; ಮರುದಿನ ಬೆಳಿಗ್ಗೆ ಒಳಕೋಣೆಯಲ್ಲಿ ಅಳೆದಳು. ಒಂದು ಮೈಕ್ರಾನ್ ಕೂಡ ವ್ಯತ್ಯಾಸವಿಲ್ಲ. ಉಕ್ಕು ಹಿಗ್ಗಿದಷ್ಟೇ ಉಕ್ಕಿನ ಮೈಕ್ರೋಮೀಟರೂ ಹಿಗ್ಗುತ್ತದೆ. ಹಾಗಾಗಿ ಇಪ್ಪತ್ತಾರು ವರ್ಷ, ಬೇಸಿಗೆಯಿರಲಿ ಚಳಿಗಾಲವಿರಲಿ, ಅಳತೆ ತಪ್ಪಿರಲಿಲ್ಲ. ತಾಮ್ರ ಉಕ್ಕಿಗಿಂತ ಹೆಚ್ಚು ಹಿಗ್ಗುತ್ತದೆ. ಜನವರಿಯ ತಂಪಿನಲ್ಲಿ ಮಾಡಿದ ಮೂರು ಬಿಲ್ಲೆ ಪಾಸಾಗಿದ್ದವು. ಏಪ್ರಿಲಿನ ಶೆಡ್ಡಿನಲ್ಲಿ ಉಬ್ಬಿ ನಿಂತಿದ್ದ ತಾಮ್ರವನ್ನು ಆಕೆ ಎಂಬತ್ತಕ್ಕೆ ತಂದಿದ್ದಳು. ಅವು ತಣ್ಣನೆಯ ಲ್ಯಾಬಿಗೆ ಹೋಗಿ ತಮ್ಮ ನಿಜದ ಅಳತೆಗೆ ಕುಗ್ಗಿದ್ದವು.

ಸಮಾಧಾನವಾಗಬೇಕಿತ್ತು. ಆದರೆ ಆಕೆಯನ್ನು ಹಿಡಿದದ್ದು ಬೇರೊಂದು ದಿಗಿಲು. ಕಾದ ಹಳಿಗೆ ನೀರು ಸುರಿದು ಬೆಳೆದವಳು ನಾನು. ಲೋಹ ಹಿಗ್ಗಿ ಕುಗ್ಗುವುದನ್ನು ಎಂಟು ವರ್ಷದವಳಿದ್ದಾಗಲೇ ಕಣ್ಣಾರೆ ಕಂಡವಳು. ನನಗೇ ಇದು ಹೊಳೆಯಲಿಲ್ಲವಲ್ಲ!

ಸೋಮವಾರ ವರ್ಕ್‌ಶಾಪಿನಿಂದಲೇ ಪ್ರಿಯದರ್ಶಿನಿಗೆ ಫೋನು ಹಚ್ಚಿದಳು. ಜಗದೇವಪ್ಪ ಪಕ್ಕದಲ್ಲಿ ನಿಂತು ಕೇಳುತ್ತಿದ್ದರು. ಆಕೆ ಎಲ್ಲವನ್ನೂ ಹೇಳಿ ಮುಗಿಸಿದಳು.

"ಅಕ್ಕಾ," ಎಂದಳು ಪ್ರಿಯದರ್ಶಿನಿ. "ನಿಮ್ಮ ಶೆಡ್ಡಿನಾಗ ಎಷ್ಟು ಡಿಗ್ರಿ ಇತ್ತು?"

"ಏಪ್ರಿಲ್‌ನಾಗರಿ? ನಲವತ್ತೆರಡು, ನಲವತ್ತಮೂರು."

"ಡ್ರಾಯಿಂಗಿನ ಕೆಳಗ ಮೂಲ್ಯಾಗ ಸಣ್ಣ ಅಕ್ಷರದಾಗ ಬರದೀವಿ, ಅಳತಿ ಇಪ್ಪತ್ತು ಡಿಗ್ರಿಗೆ ಅಂತ. ಎಲ್ಲಾ ಡ್ರಾಯಿಂಗಿನಾಗೂ ಇರ್ತದ. ಅದಕ್ಕ ಯಾರೂ ಹೇಳಂಗಿಲ್ಲ, ಯಾರೂ ಕೇಳಂಗಿಲ್ಲ. ನಾ ಬ್ರಹ್ಮಪುರದಾಗ ಹುಟ್ಟಿ ಬೆಳದಾಕಿ. ನಮ್ಮೂರ ಏಪ್ರಿಲ್ ಹ್ಯಾಂಗಿರ್ತದ ಅನ್ನೋದು ನನಗೇ ನೆನಪಾಗ್ಲಿಲ್ಲ ನೋಡ್ರಿ. ನಲವತ್ತು ಚೀಟಿ ಅಂಟಿಸಿದ್ದು ನಾನೇ, ಅಕ್ಕಾ."

ಐದು ದಿನಕ್ಕೆ ಪ್ರಿಯದರ್ಶಿನಿ ಕಲಬುರಗಿಗೇ ಬಂದಳು. ಶೆಡ್ಡಿನೊಳಗೆ ಕಾಲಿಟ್ಟವಳು ತಗಡಿನ ಚಾವಣಿಯನ್ನೊಮ್ಮೆ ನೋಡಿ, ಥರ್ಮಾಮೀಟರನ್ನು ನೋಡಿ, ಬೆವರು ಒರೆಸಿಕೊಳ್ಳುವುದನ್ನೂ ಮರೆತು ನಿಂತಳು. ಜಗದೇವಪ್ಪ ತಮ್ಮ ಆಫೀಸಿನ ಏಸಿ ಕೋಣೆಯನ್ನೇ ಬಿಟ್ಟುಕೊಡುವುದಾಗಿ ಹೇಳಿದರು.

"ಕರೆಂಟ್ ಹೋದ್ರ ಏನ್ ಮಾಡೋದ್ರಿ?" ಎಂದಳು ಬಂಡೆಮ್ಮ. "ಏಸಿ ಬ್ಯಾಡ. ನೀವು ವಾಪಸ್ ಕಳಿಸೀರಲ್ಲ, ಆ ಬಿಲ್ಲಿನೇ ಸಾಕು."

ಏನು ಹೇಳುತ್ತಿದ್ದಾಳೆ ಎಂದು ಇಬ್ಬರಿಗೂ ಗೊತ್ತಾಗಲಿಲ್ಲ. ಆಕೆ ಇಪ್ಪತ್ತಮೂರನೇ ಬಿಲ್ಲೆಯನ್ನು ಕಲ್ಲಿನ ಪೀಠದ ಮೇಲಿಟ್ಟು, ಅದರ ಅಂಚಿಗೆ ಅಳತೆಯ ವ್ಯತ್ಯಾಸ ತೋರಿಸುವ ಡಯಲ್ ಗೇಜಿನ ಮುಳ್ಳು ತಾಗಿಸಿ ಸೊನ್ನೆಗೆ ತಂದಳು.

"ಇದು ಖರೇ ಅಂದ್ರ ಎಷ್ಟದ ಅಂತ ನಿಮ್ಮ ಲ್ಯಾಬಿನವರೇ ಅಳದು ಬರದಾರ. ಹತ್ತು ಕಡಿಮಿ. ಹೌದಿಲ್ರಿ? ಈಗ ಹೊಸದು ಮಾಡಿ ಇದರ ಬಾಜೂಕ ಇಡ್ತೀನಿ. ಇದೂ ತಾಮ್ರ, ಅದೂ ತಾಮ್ರ. ಶೆಡ್ಡು ಕಾದಷ್ಟು ಎರಡೂ ಹಿಗ್ಗತಾವ. ಇದಕ್ಕಿಂತ ಹತ್ತು ಹೆಚ್ಚು ತೋರಿಸಿದ್ರ ಸಾಕು, ನಿಮ್ಮ ತಂಪು ಕೋಣ್ಯಾಗ ಎಂಬತ್ತೇ ಬರ್ತದ. ಮಳೀ ಇರ್ಲಿ ಬಿಸಿಲಿರ್ಲಿ."

ಪ್ರಿಯದರ್ಶಿನಿ ಡಯಲನ್ನೇ ನೋಡುತ್ತಿದ್ದಳು. ಆಮೇಲೆ ಸ್ಟೂಲಿನ ಮೇಲೆ ಕುಳಿತು ತಲೆಗೆ ಕೈ ಹಚ್ಚಿದಳು. "ನಾವು ಏಳು ಮಂದಿ ಎರಡು ದಿನ ಮೀಟಿಂಗ್ ಮಾಡಿದ್ವಿ, ಅಕ್ಕಾ. ನಿಮ್ಮ ಶೆಡ್ಡಿಗೆ ಏಸಿ ಹ್ಯಾಂಗ ಕೂಡಸೋದು ಅಂತ."

ಜಗದೇವಪ್ಪ ಎದ್ದು ಹೋಗಿ ಲೇತಿನ ಮುಂದಿದ್ದ ಸುನೀಲಕುಮಾರನಿಗೆ ಏನೋ ಹೇಳಿದರು. ಆತ ನಗುತ್ತಲೇ ಸರಿದ. ಮಾಲಕರು ತಿರುಗಿ ಬಂದು ಬಂಡೆಮ್ಮನ ಮುಂದೆ ನಿಂತರು. "ಕಣ್ಣು ನಾ ತೋರಿಸ್ಕೋಬೇಕಾಗಿತ್ತು. ತಪ್ಪಾಯ್ತವ್ವ." ಅರವತ್ತೆಂಟು ವರ್ಷದ ಮನುಷ್ಯ ಹೀಗೆ ಎಲ್ಲರೆದುರು ಅಂದದ್ದನ್ನು ಕೇಳಿ ಬಂಡೆಮ್ಮನಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

ಹೊರಗಿನಿಂದ ಮಂಡಕ್ಕಿಯ ಸುಸಲಾ, ಮಿರ್ಚಿ ಭಜಿ ಬಂದವು. ತಿನ್ನುತ್ತ ತಿನ್ನುತ್ತ ಬಂಡೆಮ್ಮ ಇಷ್ಟು ದಿನ ಕೇಳದಿದ್ದದ್ದನ್ನು ಕೇಳಿದಳು. "ಇವು ಯಾತಕ್ಕ ಬೇಕರಿ, ಮೇಡಂ? ಯಾವ ಮಿಲ್ಲಿಗೆ?"

ಪ್ರಿಯದರ್ಶಿನಿ ಹೇಳಿದಳು. ಬಿಲ್ಲೆಗಳನ್ನು ಒಂದರ ಮೇಲೊಂದು ಜೋಡಿಸಿ ಬೆಸೆದರೆ ಕೊಳವೆಯಾಗುತ್ತದೆ. ಅದರ ನಡುವಿನ ತೂತಿನೊಳಗೆ ಎಲೆಕ್ಟ್ರಾನುಗಳನ್ನು ಬಿಡುತ್ತಾರೆ. ಪಂಚಮಿಯ ಜೋಕಾಲಿಯನ್ನು ಪ್ರತಿ ಸಲ ಸರಿಯಾದ ಹೊತ್ತಿಗೆ ಜೀಕಿದಂತೆ, ಒಂದೊಂದು ಬಿಲ್ಲೆಯೂ ಎಲೆಕ್ಟ್ರಾನಿಗೆ ಒಂದೊಂದು ಜೀಕು ಕೊಡುತ್ತದೆ. ಒಂದು ಬಿಲ್ಲೆಯ ಅಳತೆ ತಪ್ಪಿದರೂ ಜೀಕು ಹೊತ್ತು ತಪ್ಪುತ್ತದೆ. ಇಂಥ ಲಕ್ಷಾಂತರ ಬಿಲ್ಲೆಗಳ ಸಾಲು, ನೆಲದಡಿ ಹನ್ನೊಂದು ಕಿಲೋಮೀಟರ್ ನೆಟ್ಟಗಿನ ಸುರಂಗ. ಎರಡು ತುದಿಯಿಂದ ಓಡಿಬಂದ ಕಣಗಳು ನಡುವೆ ಡಿಕ್ಕಿ ಹೊಡೆಯುತ್ತವೆ.

"ಡಿಕ್ಕಿ ಹೊಡದ್ರ ಏನು ಸಿಗ್ತದ?"

"ಗೊತ್ತಿಲ್ಲ, ಅಕ್ಕಾ. ಅದನ್ನ ನೋಡಬೇಕಂತನೇ. ಈ ಜಗತ್ತಿನಾಗ ಇರೋದ್ರಾಗ ನಮಗ ತಿಳದದ್ದು ನೂರಕ್ಕ ಐದು ಪಾಲು. ಉಳದ ತೊಂಬತ್ತೈದು ಏನು ಅಂತ ಯಾರಿಗೂ ತಿಳದಿಲ್ಲ."

ಬಂಡೆಮ್ಮನ ಕೈಯ ಮಿರ್ಚಿ ಕೈಯಲ್ಲೇ ಉಳಿಯಿತು. ಇಷ್ಟು ಓದಿದವರಿಗೆ ತಿಳಿದದ್ದು ನೂರಕ್ಕೆ ಐದೇ? ಆಕೆಗೆ ಒಂದು ಥರ ಭಯವೇ ಆಯಿತು.

"ಮತ್ತ ಆ ಸುರಂಗ ಎಲ್ಲದರಿ? ಕಟ್ಟಿದ್ದು ಎಷ್ಟು ಆಗ್ಯಾದ?"

ಪ್ರಿಯದರ್ಶಿನಿ ತಟ್ಟೆ ಕೆಳಗಿಟ್ಟಳು. "ಕಟ್ಟಿಲ್ಲ."

"ಯಾವಾಗ ಕಟ್ತಾರ?"

"ಕಟ್ಟತಾರೋ ಇಲ್ಲೋ ಅನ್ನೋದೇ ಇನ್ನಾ ಗಟ್ಟಿ ಇಲ್ಲ. ಸ್ವಿಟ್ಜರ್ಲೆಂಡ್ ಕಡೆ ನೆಲದಡಿ ಈಗ ಒಂದದ, ಇಪ್ಪತ್ತೇಳು ಕಿಲೋಮೀಟರ್ ಸುತ್ತಿನದು. ಇನ್ನ ಹದಿನೈದು ವರ್ಷಕ್ಕ ಅದರ ಕೆಲಸ ಮುಗೀತದ. ಅದಾದ ಮ್ಯಾಲ ಎಂಥದ್ದು ಕಟ್ಟಬೇಕು ಅಂತ ದೇಶದೇಶದವರು ಕುಂತು ಯೋಜನಾ ಹಾಕ್ಲತ್ತಾರ. ಕೆಲವರು ನೆಟ್ಟಗಿನ ಸುರಂಗ ಅಂತಾರ. ಕೆಲವರು ಉಂಗುರ ಅಂತಾರ, ತೊಂಬತ್ತು ಕಿಲೋಮೀಟರ್ ಸುತ್ತಿಂದು. ಅಂದ್ರ ನೀವು ಕಮಲಾಪುರಕ್ಕ ಹೋಗಿ ಬಂದು, ಮತ್ತ ಅರ್ಧ ದಾರಿ ಹೋದಷ್ಟು. ಯಾವುದು ಆದ್ರೂ ಶುರುವಾಗೋ ಹೊತ್ತಿಗೆ ನಾ ರಿಟೈರ್ ಆಗಿರ್ತೀನಿ."

ಬಂಡೆಮ್ಮನ ಮುಖ ಕೆಂಪಗಾಗುತ್ತಿತ್ತು.

"ಇಲ್ಲದ ಯಂತ್ರಕ್ಕ?" ಎಂದಳು. "ಇಲ್ಲದ ಯಂತ್ರದ ಸಲುವಾಗಿ ನನ್ನ ನಲವತ್ತು ಬಿಲ್ಲಿಗೆ ಕೆಂಪು ಚೀಟಿ ಹಚ್ಚಿದಿರಿ? ನಾ ಒಂಬತ್ತು ದಿನ ಡ್ರಿಲ್ಲಿಂಗ್ ಮಷೀನ್ ಮುಂದ ಕುಂತೀನಿ. ಮನ್ಯಾಗ ಅನ್ನ ಸೇರಿಲ್ಲ ನನಗ."

ಪ್ರಿಯದರ್ಶಿನಿ ತಲೆ ತಗ್ಗಿಸಿದಳು. "ಕಟ್ಟಬಹುದು ಅಂತ ತೋರಿಸಿದ್ರನೇ ಕಟ್ಟಲಿಕ್ಕೆ ಕೇಳಬಹುದು, ಅಕ್ಕಾ. ಲಕ್ಷಗಟ್ಟಲೆ ಬಿಲ್ಲಿ ಒಂದೇ ಫ್ಯಾಕ್ಟರಿಲಿಂದ ಆಗಂಗಿಲ್ಲ. ಸಣ್ಣ ಸಣ್ಣ ವರ್ಕ್‌ಶಾಪಿನಾಗ, ಬಿಸಿಲಿನ ಊರಾಗ, ಕರೆಂಟ್ ಹೋಗೋ ಕಡೆ ಇವನ್ನ ಮಾಡಬಹುದೋ ಇಲ್ಲೋ ಅಂತ ನೋಡೋದೇ ನನ್ನ ಕೆಲಸ. ಆಗಂಗಿಲ್ಲ ಅಂತ ಬರೀಲಿಕ್ಕೆ ಕುಂತಿದ್ದೆ. ಅವತ್ತೇ ನಿಮ್ಮ ಫೋನ್ ಬಂತು."

ಬಂಡೆಮ್ಮ ಅಂದು ಬಸ್ಸಿನಲ್ಲಿ ಒಬ್ಬಳೇ ಕುಳಿತು ಅದನ್ನೇ ತಿರುವಿ ತಿರುವಿ ಯೋಚಿಸಿದಳು. ತಾವು ಕಾಣಲಾರದ ಯಂತ್ರಕ್ಕಾಗಿ ಜೀವಮಾನವನ್ನೇ ಕೊಡುವ ಜನ ಇದ್ದಾರೆ ಎಂಬುದು ಆಕೆಗೆ ಅರಗಲಿಲ್ಲ. ಮನೆಗೆ ಬಂದು ಹೇಳಿದರೆ ರೇವಣನೂ ನಂಬಲಿಲ್ಲ.

ಮೇ ತಿಂಗಳ ಸುಡು ಬಿಸಿಲಿನಲ್ಲೇ ಹೊಸ ನಲವತ್ತು ಬಿಲ್ಲೆ ಮಾಡಿದಳು, ತಾಮ್ರದ ಪಕ್ಕ ತಾಮ್ರವನ್ನಿಟ್ಟು. ಮೂವತ್ತೆಂಟು ಪಾಸಾದವು. ಎರಡರ ಮೇಲೆ ಉಗುರಿನಂಥ ಗೀರು. ಅದು ತನ್ನದೇ ತಪ್ಪು ಎಂದು ಆಕೆ ಒಪ್ಪಿಕೊಂಡಳು. ಮೂವತ್ತು ಬಿಲ್ಲೆ ಬೆಸೆದು ಒಂದಡಿ ಉದ್ದದ ಕೊಳವೆ ಮಾಡಿದ್ದಾರೆಂದೂ, ಪರೀಕ್ಷೆ ನಡೆದಿದೆಯೆಂದೂ ಸುದ್ದಿ ಬಂತು. ಆಮೇಲೆ ಬಹಳ ದಿನ ಏನೂ ಬರಲಿಲ್ಲ.

ಮುಂದಿನ ವರ್ಷ ಶ್ರಾವಣದ ಒಂದು ಭಾನುವಾರ ಪ್ರಿಯದರ್ಶಿನಿ ಹೇಳದೆ ಕೇಳದೆ ಕಮಲಾಪುರಕ್ಕೆ ಬಂದಳು. ಹೆದ್ದಾರಿಯ ಬದಿಗೆ ರೇವಣನ ಗೊನೆಗಳ ಪಕ್ಕ ಕಾರು ನಿಲ್ಲಿಸಿ, ಮನೆ ಕೇಳಿಕೊಂಡು ಒಳಗೆ ಬಂದಳು. ಚೀಲದಿಂದ ಬಟ್ಟೆಯಲ್ಲಿ ಸುತ್ತಿದ್ದ ಉದ್ದನೆಯ ಗಂಟು ತೆಗೆದು ಬಂಡೆಮ್ಮನ ಮಡಿಲಿಗಿಟ್ಟಳು. ಬಿಚ್ಚಿದ ಬಂಡೆಮ್ಮ ಚೀರಿದಳು.

"ಅಯ್ಯ! ಸೀಳಿಬಿಟ್ಟಾರ!"

ಸೌತೆಕಾಯಿಯನ್ನು ಉದ್ದಕ್ಕೆ ಕೊಯ್ದಂತೆ ಆ ಕೊಳವೆಯನ್ನು ತುದಿಯಿಂದ ತುದಿಗೆ ಎರಡು ಹೋಳು ಮಾಡಿದ್ದರು. ಅರ್ಧ ಹೋಳು ಆಕೆಯ ಕೈಯಲ್ಲಿತ್ತು. ಎರಡು ಸಾವಿರ ತಾಸು ಅದು ಕೆಲಸ ಮಾಡಿತೆಂದೂ, ಪರೀಕ್ಷೆ ಮುಗಿದ ಮೇಲೆ ಒಳಗೆ ಏನಾಗಿದೆಯೆಂದು ನೋಡಲು ಬೇಕೆಂದೇ ಕೊಯ್ಯುತ್ತಾರೆಂದೂ ಪ್ರಿಯದರ್ಶಿನಿ ಹೇಳುತ್ತಲೇ ಇದ್ದಳು. ಬಂಡೆಮ್ಮನ ಕಿವಿಗೆ ಏನೂ ಬೀಳುತ್ತಿರಲಿಲ್ಲ. ಬಾಗಿಲಲ್ಲಿ ನಿಂತಿದ್ದ ಶಿವಕಾಂತಮ್ಮ, "ಚಲೋ ಇದ್ದದ್ದು ಯಾಕ ಕೊಯ್ದೀರವ್ವ?" ಎಂದು ಕೇಳಿದಳು.

"ಇನ್ನೊಂದು ಮಾತದ, ಅಕ್ಕಾ," ಎಂದಳು ಪ್ರಿಯದರ್ಶಿನಿ. "ಯೋಜನಾ ಹಾಕೋರ ಒಲವು ಈಗ ಉಂಗುರದ ಕಡೆ ಆಗ್ಯಾದ. ನೆಟ್ಟಗಿನ ಸುರಂಗ ಸದ್ಯ ಹಿಂದಕ್ಕ ಬಿತ್ತು. ಇಂಥ ಬಿಲ್ಲಿ ಬೇಕಾಗಂಗಿಲ್ಲ."

ಹೇಳುವಾಗ ಆಕೆಯ ಕಣ್ಣು ತುಂಬಿದವು. ಹದಿನಾಲ್ಕು ವರ್ಷ ಆಕೆ ಅದರ ಹಿಂದೆ ಇದ್ದವಳು. ಬಂಡೆಮ್ಮ ದಂಗಾಗಿ ಆಕೆಯ ಮುಖವನ್ನೂ ಕೈಯ ತಾಮ್ರವನ್ನೂ ನೋಡಿದಳು. ಕೋಪ ಬರಬಹುದೆಂದು ತಾನೇ ಕಾದಳು. ಬರಲಿಲ್ಲ. ಬದಲಿಗೆ, ಎದುರಿಗೆ ಕುಳಿತವಳು ತನ್ನಂತೆಯೇ ಒಂದು ದಿನ ಇದ್ದಕ್ಕಿದ್ದಂತೆ ಮೂಲೆಯ ಡ್ರಿಲ್ಲಿಂಗ್ ಮಷೀನಿಗೆ ಹೋದವಳಂತೆ ಕಂಡಳು. ಆ ಸಂಕಟ ಎಂಥದ್ದೆಂದು ಬಂಡೆಮ್ಮನಿಗೆ ಗೊತ್ತಿತ್ತು. ಒಳಗೆ ಹೋಗಿ ಒಂದು ತಂಬಿಗೆ ನೀರು ತಂದು ಮುಂದಿಟ್ಟಳು.

"ಕುಡೀರಿ ಮೊದಲು. ಹದಿನಾಲ್ಕು ವರ್ಷದ ಕೆಲಸ ಅಂದ್ರ ಎದ್ಯಾಗ ಕುಂತಿರ್ತದ. ಅಳಬೇಕನಸಿದ್ರ ಅಳ್ರಿ, ಇಲ್ಲಿ ಯಾರೂ ಹೊರಗಿನವರಿಲ್ಲ."

ಪ್ರಿಯದರ್ಶಿನಿ ಅತ್ತಳು. ಸ್ವಲ್ಪ ಹೊತ್ತಾದ ಮೇಲೆ ಬಂಡೆಮ್ಮ ಆ ಅರ್ಧ ಹೋಳನ್ನು ಅಂಗಳದ ಬೆಳಕಿಗೆ ಒಯ್ದಳು. ಒಳಮೈ ಕನ್ನಡಿಯಂತಿತ್ತು. ಅಲ್ಲಲ್ಲಿ ಸಾಸಿವೆಗಿಂತ ಸಣ್ಣ ಕಲೆಗಳು, ಕಿಡಿ ಹಾರಿದ ಜಾಗ. ಬಿಲ್ಲೆಯಿಂದ ಬಿಲ್ಲೆಗೆ ಹೆಬ್ಬೆರಳಿನ ಉಗುರನ್ನು ಎಳೆಯುತ್ತ ಹೋದಳು. ಮೂವತ್ತು ಬಿಲ್ಲೆಗಳು, ಇಪ್ಪತ್ತೊಂಬತ್ತು ಬೆಸುಗೆ. ಉಗುರು ಎಲ್ಲಿಯೂ ಸಿಕ್ಕಲಿಲ್ಲ.

"ಕಿಡಿ ಎಲ್ಲಾ ಈ ತುದಿಗೇ ಜಾಸ್ತಿ ಹಾರ್ಯಾವಲ್ಲ. ಯಾಕ್ರಿ?"

ಪ್ರಿಯದರ್ಶಿನಿ ಕಣ್ಣೊರೆಸಿಕೊಂಡು ಎದ್ದು ಬಂದಳು. ಇಬ್ಬರೂ ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದರು. ಆ ಮಾತು ಸಂಜೆಯ ತನಕ ನಡೆಯಿತು. ರೇವಣ ಬಾಳೆಹಣ್ಣು ತಂದಿಟ್ಟದ್ದನ್ನೂ ಇಬ್ಬರೂ ನೋಡಲಿಲ್ಲ.

ಆ ಯೋಜನೆಯ ವರದಿ ಆಮೇಲೆ ಹೊರಬಂತು. ಬಿಸಿ ಊರುಗಳಲ್ಲಿ ತಾಮ್ರದ ಬಿಲ್ಲೆ ಅಳೆಯುವ ಬಗೆಗೆ ಅದರಲ್ಲಿ ಎರಡು ಪುಟಗಳಿವೆ. ಬಂಡೆಮ್ಮನ ಹೆಸರನ್ನು ತಪ್ಪು ಅಕ್ಷರದಲ್ಲಿ ಅಚ್ಚು ಹಾಕಿದ್ದಾರೆ. ಆ ತಪ್ಪನ್ನು ಕಂಡು ಜಗದೇವಪ್ಪನೇ ಹೆಚ್ಚು ಸಿಟ್ಟಾದರು. ಉಂಗುರದ ಯಂತ್ರಕ್ಕೂ ಬೇರೆ ಥರದ ತಾಮ್ರದ ಸಾಮಾನು ಬೇಕಂತೆ. ಅದರ ಮಾದರಿ ಮಾಡಲು ಕೇಳಿದ್ದಾರೆ. ಅದನ್ನು ಕಟ್ಟುತ್ತಾರೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಬಂಡೆಮ್ಮ ಶನಿವಾರ ಮಧ್ಯಾಹ್ನ ಐಟಿಐಗೆ ಹೋಗಿ ಟರ್ನರ್ ಕ್ಲಾಸಿಗೆ ಅಳತೆ ಕಲಿಸುತ್ತಾಳೆ. ಈ ವರ್ಷ ಆ ಕ್ಲಾಸಿನಲ್ಲಿ ಆರು ಹುಡುಗಿಯರಿದ್ದಾರೆ.